ಕೊನೆಯ ಅಕ್ಷರ

"ರೇಡಿಯೋ ಪ್ರತಿ ವಾಕ್ಯದ ಕೊನೇ ಅಕ್ಷರ ನುಂಗ್ತಾ ಇದೆ ಸಾರ್. ನಾಳೆ ಸರಿ ಮಾಡ್ತೀನಿ, ಇವತ್ತು ಹಾರಿಸ್ಬೇಡಿ ಸಾರ್," ಎಂದ ಮೆಕ್ಯಾನಿಕ್ ಮರಿಸ್ವಾಮಿ.

ಪೈಲಟ್ ಚೆಂಗಪ್ಪ ನಕ್ಕ. "ಒಂದಕ್ಷರ ತಾನೇ ಮಾರಾಯ? ನಾನೇ ಸೇರಿಸ್ಕೋತೀನಿ ಬಿಡು."

ಇಬ್ಬರು ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಿಯೇಬಿಟ್ಟ. ಕೆಳಗಿನಿಂದ ರೇಡಿಯೋದಲ್ಲಿ ಬರುತ್ತಿದ್ದ ಮರಿಸ್ವಾಮಿಯ ಮಾತುಗಳಲ್ಲಿ ಕಾಣೆಯಾಗುತ್ತಿದ್ದದ್ದು ಕೊನೆಯ 'ಸಾರ್' ಒಂದೇ. ಅದರಿಂದ ಯಾರಿಗೇನು ನಷ್ಟ?

ಮರಳಿ ಬಂದು ಇಳಿಯುವ ಹೊತ್ತಿಗೆ ಚಕ್ರಗಳನ್ನು ಹೊರಬಿಡುವ ಗುಂಡಿ ಒತ್ತಿದರೆ, ಅವು ಇಳಿದವೆಂದು ತೋರಿಸುವ ಹಸಿರು ದೀಪ ಹೊತ್ತಲಿಲ್ಲ. ಕೆಟ್ಟಿರುವುದು ದೀಪವೋ, ಚಕ್ರವೋ? ಚೆಂಗಪ್ಪ ಮೈದಾನದ ಮೇಲೆ ತಗ್ಗಿ ಹಾರುತ್ತ ರೇಡಿಯೋದಲ್ಲಿ ಕೂಗಿದ:

"ಇಂಧನ ಮುಗೀತಾ ಬಂತು ಮರಿಸ್ವಾಮಿ! ಸಾರ್ ಗೀರ್ ಎಲ್ಲ ಬೇಡ, ಬೇಗ ನೋಡಿ ಹೇಳು. ಚಕ್ರ ಇಳಿದಿದ್ಯಾ, ಇಲ್ವಾ?"

ಮರಿಸ್ವಾಮಿ ಅಪ್ಪಣೆಯಂತೆಯೇ ಉತ್ತರಿಸಿದ:

"ಚಕ್ರ ಇಳಿದಿ..."