ಹವಾಲ್ದಾರನ ಹಗ್ಗ

ಬಾಗಿಲು ಬಡಿಯುವ ಮೊದಲು ಗುರುಪಾದಪ್ಪ ಎರಡು ಸಲ ಬಸ್ ನಿಲ್ದಾಣದತ್ತ ಹೊರಳಿ, ಎರಡು ಸಲ ಮರಳಿ ಬಂದಿದ್ದ. ಖಾನಾಪುರದ ಆ ಓಣಿಯಲ್ಲಿ ನೀರು ಸೇದುತ್ತಿದ್ದ ಹೆಂಗಸರು ಅವನನ್ನೇ ನೋಡತೊಡಗಿದ್ದರು. ಕೊನೆಗೆ ನಾಚಿಕೆಯನ್ನು ನುಂಗಿಕೊಂಡು ಚಿಲಕ ಬಡಿದ.

ಮೂರು ವಾರದ ಹಿಂದೆ ಇದೇ ಬಾಗಿಲಿಗೆ ಎದೆಯುಬ್ಬಿಸಿಕೊಂಡು ಬಂದಿದ್ದ. ಬೆಳಗಾವಿಯ ಕೋಟೆ ರಸ್ತೆಯಲ್ಲಿ ಅವನದು ಹಳೇ ಮಿಲಿಟರಿ ಸಾಮಾನಿನ ಅಂಗಡಿ. ಸಿಪಾಯಿಗಳು ತೊಟ್ಟು ಬಿಟ್ಟ ಉಣ್ಣೆಯ ಕೋಟು, ಮೊಳೆ ಬಡಿದ ಬೂಟು, ಬೆನ್ನಿನ ಚೀಲ, ಬಂಡೆ ಹತ್ತುವ ಹಗ್ಗ, ಏನು ಸಿಕ್ಕರೂ ಕೊಂಡು, ತೊಳೆದು, ಹರಿದದ್ದನ್ನು ಹೊಲಿದು ಮಾರುತ್ತಿದ್ದ. ೧೯೭೯ರ ಆ ಚಳಿಗಾಲದಲ್ಲಿ ಊರಿನ ಕಾಲೇಜು ಹುಡುಗರಿಗೆ ಗುಡ್ಡ ಹತ್ತುವ ಹುಚ್ಚು ಹಿಡಿದಿತ್ತು. ಹೊಸ ಸಾಮಾನು ಬೇಕೆಂದರೆ ಮುಂಬಯಿಗೆ ಹೋಗಬೇಕು. ಹೀಗಾಗಿ ಎಲ್ಲರೂ ಗುರುಪಾದಪ್ಪನ ಕಡೆಗೇ ಬರುತ್ತಿದ್ದರು.

ಖಾನಾಪುರದ ಆ ಮನೆಯ ಸಾವಂತ್ರವ್ವನ ಗಂಡ ಸತ್ಯಪ್ಪ ಫೌಜಿನಲ್ಲಿ ಹವಾಲ್ದಾರನಾಗಿದ್ದವನು. ನಿವೃತ್ತನಾದ ಮೇಲೆ ಹುಡುಗರಿಗೆ ಬಂಡೆ ಹತ್ತುವುದನ್ನು ಕಲಿಸುತ್ತಿದ್ದ. ಅವನು ತೀರಿಕೊಂಡು ವರ್ಷವಾಗಿತ್ತು. ಹೇಗೆ ಎಂದು ಗುರುಪಾದಪ್ಪ ಕೇಳಲಿಲ್ಲ. ಕೊಳ್ಳಲು ಹೋದ ಮನೆಯಲ್ಲಿ ಸತ್ತವರ ಮಾತು ತೆಗೆದರೆ ಬೆಲೆ ಏರುತ್ತದೆಂಬುದು ಇಪ್ಪತ್ತು ವರ್ಷದಲ್ಲಿ ಅವನು ಕಲಿತ ಪಾಠ.

ಅವಳು ಟ್ರಂಕಿನಿಂದ ಕೋಟು, ಬೂಟು ತೆಗೆದಿಟ್ಟಳು. ಕೋಟನ್ನು ಒಗೆದು, ಮಡಿಚಿ, ನುಸಿ ಗುಳಿಗೆ ಹಾಕಿಟ್ಟಿದ್ದಳು. ವ್ಯಾಪಾರ ನೆಟ್ಟಗೇ ಮುಗಿಯಿತು. ಹೊತ್ತು ಏರಿತ್ತು, ಉಂಡು ಹೋಗಿರೆಂದು ರೊಟ್ಟಿ, ಝುಣಕ ಬಡಿಸಿದಳು. ಉಂಡು ಕೈ ತೊಳೆಯಲು ಹಿತ್ತಲಿಗೆ ಹೋದಾಗ, ಸೌದೆಯ ರಾಶಿಯ ಹಿಂದೆ ಅವನ ಕಣ್ಣಿಗೆ ಹಗ್ಗ ಬಿತ್ತು.

ನಾಯ್ಲಾನಿನ ಹಗ್ಗ. ಬಣ್ಣ ಮಾಸಿರಲಿಲ್ಲ. ಮಾರು ಹಾಕಿ ಅಳೆದ. ಉದ್ದ ಸ್ವಲ್ಪ ಕಡಿಮೆ, ಒಂದು ತುದಿ ಹಿಂಜಿಕೊಂಡಿತ್ತು. ಅಷ್ಟೇ. ಇಂಥದ್ದು ಕೈಗೆ ಸಿಗದೆ ಎರಡು ವರ್ಷವಾಗಿತ್ತು. ಕಣ್ಣಿನ ಹೊಳಪು ಅಡಗಿಸಿಕೊಂಡು ಮುಖ ಕಿವಿಚಿದ.

"ಇದು ಒಳಗ ಲಡ್ಡಾಗೇತ್ರಿ ಅಕ್ಕಾರ. ಇದನ್ನ ನಂಬಿ ಒಂದು ಆಡೂ ಕಟ್ಟಾಕ ಆಗೂದಿಲ್ಲ. ಅಂಗಡ್ಯಾಗ ಅರಿವಿ ಗಂಟು ಕಟ್ಟಾಕ ಬೇಕಾದ್ರ ಒಯ್ತೀನಿ."

ಸಾವಂತ್ರವ್ವ ಹಿತ್ತಲ ಬಾಗಿಲಲ್ಲೇ ನಿಂತಿದ್ದಳು. ಹಗ್ಗದ ಹತ್ತಿರ ಬರಲಿಲ್ಲ.

"ನಿಮಗಿಂತ ಮೊದಲ ಇಬ್ಬರು ಬಂದಿದ್ರು. ಭಾಳ ಚೊಲೋ ಹಗ್ಗ ಅಂದ್ರು. ನಾ ಕೊಡಲಿಲ್ಲ. ನಿಮಗ ಕಣ್ಣು ಐತಿ. ಒಯ್ರಿ. ರೊಕ್ಕ ಬ್ಯಾಡ." ಮತ್ತೆ ಕೇಳಿದಳು, "ಗಂಟು ಕಟ್ಟಾಕ ಅಷ್ಟ ಹೌದಲ್ರಿ?"

"ಅಷ್ಟರಿ," ಎಂದ ಗುರುಪಾದಪ್ಪ.

ಹೊಗಳಿದವರಿಗೆ ಕೊಡದೆ, ಹಳಿದವನಿಗೆ ಪುಕ್ಕಟೆ ಕೊಟ್ಟ ಹೆಂಗಸು. ಎಂಥ ಭೋಳೇ ಸ್ವಭಾವ ಎಂದು ಬಸ್ಸಿನಲ್ಲಿ ಒಳಗೊಳಗೇ ನಕ್ಕ.

ಅಂಗಡಿಯಲ್ಲಿ ಹಿಂಜಿದ ತುದಿಯನ್ನು ಉರಿಗೆ ಹಿಡಿದು ಕರಗಿಸಿ ದುಂಡಗೆ ಮಾಡಿದ. ವಾರದೊಳಗೆ ಹಣಮಪ್ಪ ಮಾಸ್ತರ ಬಂದರು. ಹೈಸ್ಕೂಲಿನಲ್ಲಿ ವ್ಯಾಯಾಮ ಕಲಿಸುವವರು. ಹಗ್ಗವನ್ನು ಎಳೆದೆಳೆದು ನೋಡಿ, "ನಂಬಬಹುದೇನ್ರಿ?" ಎಂದರು. "ಫೌಜಿನ ಮಾಲು. ಆನಿ ಕಟ್ರಿ ಬೇಕಾದ್ರ," ಎಂದ. ಮಾಸ್ತರ ಚೌಕಾಶಿ ಮಾಡದೆ ಒಯ್ದರು.

ಹಗ್ಗವನ್ನು ಹಳಿದು ಪುಕ್ಕಟೆ ತಂದು ಮಾರಿದ್ದನ್ನು ಅಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕಾಶವ್ವನಿಗೆ ಹೆಮ್ಮೆಯಿಂದ ಹೇಳಿದ. ಅವಳು ನಗಲಿಲ್ಲ. ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು.

"ಗಂಡನ್ನ ಕಳಕೊಂಡಾಕಿ ಕೈಯಾಗ ಉಂಡೀರಿ. ಉಂಡ ಕೈ ತೊಳಿಯೂದ್ರಾಗ ಆಕಿಗೆ ಸುಳ್ಳು ಹೇಳೀರಿ."

 ಅಂದಿನಿಂದ ಅವನು ಹಣೆಗೆ ವಿಭೂತಿ ಹಚ್ಚಿಕೊಳ್ಳುವಾಗ ಕನ್ನಡಿ ನೋಡುವುದನ್ನು ಬಿಟ್ಟ. ಗಿರಾಕಿಗಳು "ಇದು ಚೊಲೋ ಐತೇನ್ರಿ?" ಎಂದರೆ ತಡವರಿಸತೊಡಗಿದ. ನಿಜ ಹೇಳುವಾಗಲೂ ಸುಳ್ಳು ಹೇಳಿದಂತೆ ಕೇಳಿಸುತ್ತಿತ್ತು. ಹತ್ತು ದಿನ ಹೀಗೇ ಕಳೆದು, ಈ ಆಯಿತವಾರ ಬೆಳಿಗ್ಗೆ ಹಗ್ಗದ ಹಣವನ್ನಷ್ಟೂ ಪಾಕೀಟಿಗೆ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿದ್ದ.

ಬಾಗಿಲು ತೆರೆಯಿತು. ಸಾವಂತ್ರವ್ವ ಗುರುತು ಹಿಡಿದಳು.

"ಬರ್ರಿ ಅಣ್ಣಾರ, ಒಳಗ ಬರ್ರಿ."

"ಇಲ್ಲೇ ನಿಂದರ್ತೀನ್ರಿ. ಒಳಗ ಬರೂ ಮುಖ ಇಲ್ಲ ನಂದು." ಅವನು ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವಳ ಮುಖ ನೋಡದೆ ಹೊಸ್ತಿಲಿಗೆ ಹೇಳುವವನಂತೆ ಹೇಳಿದ, "ಅವತ್ತ ನಿಮಗ ಸುಳ್ಳು ಹೇಳಿದೆ. ಹಗ್ಗ ಲಡ್ಡಾಗಿರಲಿಲ್ರಿ. ಗಟ್ಟಿ ಇತ್ತು. ಪುಕ್ಕಟ ಹೊಡಕೊಳ್ಳಾಕ ಹಂಗಂದೆ. ಇದು ನಿಮ್ಮ ರೊಕ್ಕ. ತೊಗೊಂಡು ಬೇಕಾದ್ರ ಬೈರಿ."

ಹೇಳಿದ ಮೇಲೆ ಎದೆಯ ಭಾರ ಇಳಿದಂತಾಯಿತು. ಹತ್ತು ದಿನಗಳಲ್ಲಿ ಮೊದಲ ಸಲ ತಲೆಯೆತ್ತಿದ.

ಅವಳು ಪಾಕೀಟಿನತ್ತ ಕೈ ಚಾಚಲಿಲ್ಲ.

"ಈಗ ಎಲ್ಲೈತ್ರಿ ಅದು?"

"ಚೊಲೋ ಕೈಗೆ ಸೇರೇತ್ರಿ," ಎಂದ ಗುರುಪಾದಪ್ಪ. ಈ ಮಾತನ್ನು ಅವನು ಬಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದ. ಇದನ್ನು ಕೇಳಿದರೆ ಅವಳಿಗೆ ಸಮಾಧಾನವಾದೀತೆಂದು ನಂಬಿದ್ದ. "ಹಣಮಪ್ಪ ಮಾಸ್ತರ ಒಯ್ದಾರ. ಇವತ್ತ ಕಾಕತಿ ಗುಡ್ಡದಾಗ ಸಾಲಿ ಹುಡುಗರಿಗೆ ಅದರ ಮ್ಯಾಲೆ ಹತ್ತೂದು ಇಳಿಯೂದು ಕಲಸ್ತಾರ. ನಿಮ್ಮ ಯಜಮಾನರ ಹಗ್ಗ, ಅವರ ಕೆಲಸಕ್ಕ ಬಂತು."

ಸಾವಂತ್ರವ್ವ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ನೀವು ಅವತ್ತ ಹೇಳಿದ್ದು ಖರೇ ಇತ್ರಿ ಅಣ್ಣಾರ," ಎಂದಳು. "ನಮ್ಮ ಯಜಮಾನ್ರೂ ಗಟ್ಟಿ ಐತಂತ ಅದನ್ನ ಸೊಂಟಕ್ಕ ಕಟಗೊಂಡು ಇಳದಿದ್ರು. ನೀವು ಒಯ್ದದ್ದು, ಅದು ಹರದ ಮ್ಯಾಲೆ ಬಂಡೆಗಲ್ಲಿನ ತುದಿಗೆ ಉಳದಿದ್ದ ತುಂಡು."