ಹೂವಿನ ತಿಮಿಂಗಿಲ

ಪೊಟ್ಟಣ ಬಿಚ್ಚಿದ ಟೀಚರ್ ಕಣ್ಣು ಕಣ್ಣು ಬಿಟ್ಟರು. ಒಳಗಿದ್ದದ್ದು ಅಂಗೈ ಅಗಲದ ಗುಲಾಬಿ ಹೂಗಳಿದ್ದ ಬಟ್ಟೆ. ಮೇಲೆ ನೆರಿಗೆ, ಕೆಳಗೆ ಜಾಲರಿ.

"ಇದೇನಣ್ಣಾ?"

"ಪರದೆ ಮೇಡಂ! ಕ್ಲಾಸಿಗೆ ಒಂದು ಪರದೆ ಬೇಕು ಅಂದಿದ್ರಲ್ಲ," ಎಂದ ದರ್ಜಿ, ಹೆಮ್ಮೆಯಿಂದ. ಪೋಷಕರ ಸಂಘಕ್ಕೆ ಅವನೇ ಖಜಾಂಚಿ.

"ಅಯ್ಯೋ, ನಾನಂದಿದ್ದು ಪ್ರೊಜೆಕ್ಟರಲ್ಲಿ ಚಿತ್ರ ತೋರಿಸೋ ಬಿಳೀ ಪರದೆ!"

ದರ್ಜಿಗೆ ಗೊತ್ತಿದ್ದದ್ದು ಇಷ್ಟೇ: ಪರದೆ ಎಂದರೆ ಕಿಟಕಿಗೆ ಹಾಕುವುದು. ಬೇರೊಂದು ಪರದೆಯೂ ಉಂಟೆಂದು ಅವನಿಗೆ ಹೊಳೆದೇ ಇರಲಿಲ್ಲ. ಪೋಷಕರೆಲ್ಲ ಮನೆಮನೆ ತಿರುಗಿ ಹಳೇ ಪೇಪರ್ ಒಟ್ಟುಮಾಡಿ, ಮಾರಿ, ಕೂಡಿಸಿದ ದುಡ್ಡು ಅದು. ಈಗ ಅಷ್ಟೂ ಹೂವಾಗಿ ಮೇಜಿನ ಮೇಲೆ ಬಿದ್ದಿತ್ತು.

ಸಂಘದ ಅಧ್ಯಕ್ಷ, ಔಷಧಿ ಅಂಗಡಿಯವನು, ಬಟ್ಟೆಯ ಅಂಚನ್ನು ಎರಡೇ ಬೆರಳಲ್ಲಿ ಎತ್ತಿ ನೋಡಿದ. "ಯಾವ ಅಂಗಡೀದು?"

"ನಮ್ಮ ಭಾವಮೈದಂದು."

"ಓಹೋಹೋ! ಹಾಗೆ ಹೇಳಿ ಮತ್ತೆ!"

"ದೇವರಾಣೆಗೂ ಹೊಲಿಗೆಗೆ ಒಂದು ಕಾಸೂ ಮುಟ್ಟಿಲ್ಲ ಸಾರ್. ಕತ್ತರಿಸಿದ ಬಟ್ಟೆ ವಾಪಸ್ಸೂ ತಗೊಳಲ್ಲ..."

"ತಿರುಗಿಸಿ ಕಟ್ಟಿದ್ರೆ?" ಎಂದು ಟೀಚರ್ ಆಸೆಯಿಂದ ಕೇಳಿದರು.

ದರ್ಜಿ ತಲೆ ತಗ್ಗಿಸಿದ. "ಎರಡೂ ಕಡೆ ಹೂವಿದೆ ಮೇಡಂ. ಒಳ್ಳೇ ಮಾಲೇ ನೋಡಿ ತಂದಿದ್ದೆ."

ಬೇರೆ ದಾರಿ ಕಾಣದೆ ಟೀಚರ್ ಅದನ್ನೇ ಸುಣ್ಣ ಉದುರಿದ ಗೋಡೆಗೆ ಕಟ್ಟಿ, ಅದರ ಮೇಲೇ ಚಿತ್ರ ತೋರಿಸುತ್ತ ಪಾಠ ಶುರುಮಾಡಿದರು. ಇತ್ತ ಔಷಧಿ ಅಂಗಡಿಯವನು ಬಂದವರಿಗೆಲ್ಲ ಮಾತ್ರೆಯ ಜೊತೆಗೆ ಭಾವಮೈದನ ಕಥೆಯನ್ನೂ ಪುಕ್ಕಟೆ ಕಟ್ಟಿಕೊಟ್ಟ. ಪಾಪ, ದರ್ಜಿ ತಲೆಯೆತ್ತಿ ಬೀದಿಯಲ್ಲಿ ಓಡಾಡಲಾರದಂತಾದ. ತನ್ನನ್ನು ಕಳ್ಳ ಎಂದುಕೊಂಡುಬಿಟ್ಟರಲ್ಲ ಎಂಬ ಸಂಕಟ ಅವನನ್ನು ನಿದ್ದೆಯಲ್ಲೂ ಬಿಡಲಿಲ್ಲ.

ಕೆಲವು ವಾರಗಳ ನಂತರ ಅವನ ಮಗಳು ಶಾಲೆಯಿಂದ ಕುಣಿಯುತ್ತ ಬಂದು, ತಾನು ಬರೆದ ಚಿತ್ರವೊಂದನ್ನು ಹೊಲಿಗೆ ಯಂತ್ರದ ಮೇಲೆ ಹರವಿದಳು. ದೊಡ್ಡ ತಿಮಿಂಗಿಲ. ಮೈತುಂಬ ಗುಲಾಬಿ.

"ತಿಮಿಂಗಿಲಕ್ಕೆ ಹೂವಿರಲ್ಲ ಪುಟ್ಟೀ."

"ಇರತ್ತಪ್ಪಾ! ನಾವೆಲ್ಲ ಕಣ್ಣಾರೆ ನೋಡಿದೀವಿ. ಒಂಟೆಗೂ ಇದೆ. ಔಷಧಿ ಅಂಗಡಿ ಅಂಕಲ್ ಮಗ ಜ್ವರ ಅಂತ ಪಾಠಕ್ಕೇ ಬಂದಿರ್ಲಿಲ್ಲ, ಅದಕ್ಕೇ ಬೋಳು ತಿಮಿಂಗಿಲ ಬರೆದ. ಎಲ್ಲಾರೂ ನಕ್ಕಿದ್ದಕ್ಕೆ ಗೊಳೋ ಅಂತ ಅತ್ತ!"

ಅವಳ ಮಾತು ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಔಷಧಿ ಅಂಗಡಿಯವನೇ. ಎಂದೂ ಇಲ್ಲದ ವಿನಯ.

"ಅಣ್ಣಾ, ಆ ಪರದೆ ಬಟ್ಟೇಲಿ ಒಂದು ತುಂಡೇನಾದ್ರೂ ಉಳಿದಿದ್ಯಾ? ನಮ್ಮ ಹುಡುಗ ಹೂವು ನೋಡ್ಕೊಂಡು ಬರೀಬೇಕಂತೆ. ಅಲ್ಲೀತನಕ ಊಟ ಮುಟ್ಟಲ್ಲ ಅಂತ ಕೂತಿದಾನೆ."

ದರ್ಜಿ ಸೂಜಿಗೆ ದಾರ ಪೋಣಿಸುತ್ತ, ತಲೆಯೆತ್ತದೆ ಹೇಳಿದ: "ನಮ್ಮ ಭಾವಮೈದನ ಅಂಗಡೀಲಿ ಸಿಗತ್ತೆ ಸಾರ್. ನನ್ನ ಹೆಸರು ಹೇಳಿ."