ಸ್ವಿಚ್ಚಿಲ್ಲದ ಲೈಟು

ಸ್ಕೂಟಿ ಆಲಮೇಲ ಊರು ದಾಟುವುದೇ ತಡ, ಎದುರಿಗೆ ಬಂದವರೆಲ್ಲ ಸುನೀತಾಳಿಗೆ ಕೈ ಮಾಡತೊಡಗಿದರು. ಐದೂ ಬೆರಳು ಅರಳಿಸಿ ಮುಚ್ಚುವುದು, ಮತ್ತೆ ಅರಳಿಸಿ ಮುಚ್ಚುವುದು. ಹಗಲು ಹೊತ್ತಿನಲ್ಲಿ ನಿನ್ನ ಗಾಡಿಯ ಲೈಟು ಹತ್ತಿದೆ, ಆರಿಸು ಎಂದು ಅದರರ್ಥ. ಗುರುತಿರಲಿ ಬಿಡಲಿ, ಹಾಗೆ ಹೇಳದೆ ಮುಂದೆ ಹೋದರೆ ನಮ್ಮ ಕಡೆಯವರಿಗೆ ಉಂಡದ್ದು ಕರಗುವುದಿಲ್ಲ.

ಆರಿಸುವುದಾದರೂ ಹೇಗೆ? ಹೊಸ ಸ್ಕೂಟಿಗೆ ಲೈಟಿನ ಸ್ವಿಚ್ಚೇ ಇಲ್ಲ. ಗಾಡಿ ಚಾಲೂ ಆದರೆ ಹತ್ತಿತು, ಬಂದಾದರೆ ಆರಿತು. ಅವಳ ಗಂಡ ಯುವರಾಜನ ಹಳೆಯ ಗಾಡಿಗಿದ್ದದ್ದು ಹಳದಿ ಬಲ್ಬು. ಬೇಕಾದಾಗ ಹಚ್ಚಿ, ಬೇಡವಾದಾಗ ಆರಿಸಬಹುದಿತ್ತು, ಮೇಲಿಂದ ಮೇಲೆ ಸುಟ್ಟೂ ಹೋಗುತ್ತಿತ್ತು. ಇದು ಬೆಳ್ಳಗೆ ಉರಿಯುವ ಎಲ್‌ಇಡಿ. ಇಷ್ಟನ್ನೂ ದಾರಿಯಲ್ಲಿ ಯಾರ್ಯಾರಿಗೆ ಅಂತ ವಿವರಿಸಿ ಹೇಳುವುದು!

ಹೊರಗಿನವರದು ಹಾಳಾಗಿ ಹೋಗಲಿ, ಹಿಂದೆ ಕುಳಿತಿದ್ದ ಅತ್ತೆ ರೇವವ್ವನದೂ ಅದೇ ಹಾಡು. ಸಿಂದಗಿಯಲ್ಲಿ ಅವಳ ತಂಗಿಯ ಮೊಮ್ಮಗಳು ಬಸುರಿ, ಇವತ್ತು ಅವಳ ಸೀಮಂತದ ಕುಬಸ. ಮುದುಕಿ ಟ್ರಂಕಿನ ತಳದಿಂದ ಇಳಕಲ್ ಸೀರೆ ತೆಗೆದು ಉಟ್ಟಿದ್ದಳು. ಬೀಗರ ಎದುರು ಹೋಗುವವಳೆಂದು ತಲೆತುಂಬ ಸೆರಗು ಹೊದ್ದು, ಗಾಳಿಗೆ ಹಾರಬಾರದೆಂದು ಕೊರಳಿಗೊಂದು ಸುತ್ತು ಹಾಕಿ, ಎರಡೂ ಕಾಲು ಒಂದೇ ಬದಿಗೆ ಬಿಟ್ಟು ಕುಳಿತಿದ್ದಳು. ಯಾರಾದರೂ ಕೈ ಮಾಡಿದರೆ ಸಾಕು, ಸೊಸೆಯ ಬೆನ್ನು ತಟ್ಟುವಳು.

“ಸುನೀತಾ, ಆ ತಮ್ಮನೂ ಹೇಳಿದ ನೋಡು. ಆರಿಸವ್ವ, ಬಲ್ಬ್ ಸುಟ್ಟೀತು.”

“ಇದು ಆರಂಗಿಲ್ರಿ ಅತ್ತಿ. ಎದುರಿನವ್ರಿಗೆ ಗಾಡಿ ಕಾಣ್ಲಿ ಅಂತ ಸರಕಾರದವ್ರ ಹಂಗ ಮಾಡಿಸ್ಯಾರ.”

“ಕಾಣಾಕ ಮ್ಯಾಲ ಸೂರ್ಯಪ್ಪ ಇಲ್ಲೇನ? ಯಾವ ಶಾಣ್ಯಾನವ್ವ ಇದನ್ನ ಮಾಡಿದಾಂವ!”

ಮೊದಲು ಸುನೀತಾ ನಕ್ಕಳು. ಆಮೇಲೆ ಹೂಂಗುಟ್ಟಿದಳು. ಕುರಿ ಹೊಡೆದುಕೊಂಡು ಹೊರಟಿದ್ದವನೊಬ್ಬ ಕೋಲು ಬಗಲಿಗಿಟ್ಟು ಕೈ ಮಾಡಿದಾಗ ಮತ್ತೆ ಬೆನ್ನ ಮೇಲೆ ಪಟಪಟ ಏಟು ಬಿತ್ತು. ನಸುಕಿನಲ್ಲಿ ಎದ್ದು ಕುಬಸದ ಬುತ್ತಿಗೆಂದು ರೊಟ್ಟಿ ಬಡಿದು ರಟ್ಟೆ ಸೋತಿದ್ದವಳು, ಅವಳ ತಾಳ್ಮೆಯಾದರೂ ಎಷ್ಟು?

“ಅತ್ತಿ, ನಿಮಗ ಕೈ ಮುಗೀತೇನಿ! ಇನ್ನೊಮ್ಮೆ ಬೆನ್ನ ತಟ್ಟಿದ್ರ ಇಲ್ಲೇ ಇಳಿಸಿ ಹೋಗ್ತೇನಿ ನೋಡ್ರಿ. ಸುಮ್ನ ಕುಂದರ್ರಿ!”

ರೇವವ್ವ ಸೀಟಿನ ಸರಳು ಹಿಡಿದು ಕುಳಿತಳು. ಎರಡೂ ಕಡೆ ಕಬ್ಬು, ನಡುವೆ ನೆಟ್ಟಗಿನ ರಸ್ತೆ. ಸುನೀತಾ ಗಾಡಿಯ ವೇಗ ಏರಿಸಿದಳು. ಎದುರಿನಿಂದ ಬೈಕಿನಲ್ಲಿ ಬಂದ ಇಬ್ಬರು ಕೈ ಬೀಸುತ್ತ ಏನೋ ಒದರಿ ಹೋದರು. ಗೊತ್ತೈತಿ ಹೋಗ್ರಪಾ ಎಂದು ಇವಳು ತಲೆಯಾಡಿಸಿದಳು. ಆಗ ಬೆನ್ನ ಮೇಲೆ ಮೆಲ್ಲಗೆ ಒಂದು ತಟ್ಟು. ಸ್ವಲ್ಪ ಹೊತ್ತಿಗೆ ಇನ್ನೊಂದು. ಸುನೀತಾ ಹಲ್ಲು ಕಚ್ಚಿಕೊಂಡು ಮುಂದೆ ನೋಡಿದಳೇ ಹೊರತು ತಿರುಗಲಿಲ್ಲ. ತಟ್ಟುವುದು ನಿಂತಿತು. ಅಂತೂ ತಿಳಿಯಿತಲ್ಲ ಈ ಮುದುಕಿಗೆ ಎಂದುಕೊಂಡಳು.

ಕಬ್ಬು ಕಡಿಯುತ್ತಿದ್ದವರು ಬದುವಿನ ಮೇಲೆ ಎದ್ದು ನಿಂತು ಕೂಗಿದರು. ಇವರಿಗೂ ಬೇರೆ ಉದ್ಯೋಗವಿಲ್ಲ! ಅಷ್ಟರಲ್ಲಿ ಎದುರಿಗೆ ಬರುತ್ತಿದ್ದ ಟಂಟಂ ಆಟೋ ಒಂದು ರಸ್ತೆಗೆ ಅಡ್ಡ ತಿರುಗಿ ನಿಂತುಬಿಟ್ಟಿತು. ಸುನೀತಾ ಬ್ರೇಕ್ ಒತ್ತಿದಳು. ಆಲಮೇಲದ ಮೋದಿನಸಾಬ ಹ್ಯಾಂಡಲ್ ಬಿಟ್ಟು ಜಿಗಿದು ಓಡಿಬಂದ.

“ಲೈಟ್ ಆರಂಗಿಲ್ಲ ಕಾಕಾ! ಇದಕ್ಕ ಸ್ವಿಚ್ಚ ಇಲ್ಲ!” ಎಂದು ಅವಳೇ ಮೊದಲು ಚೀರಿದಳು.

“ಲೈಟಿಗೆ ಬೆಂಕಿ ಹಚ್ಚು! ಹಿಂದ ನೋಡವ್ವಾ, ಹಿಂದ!”

ಸುನೀತಾ ತಿರುಗಿದಳು. ಇಳಕಲ್ ಸೀರೆಯ ಕೆಂಪು ಸೆರಗು ಹಿಂದಿನ ಗಾಲಿಯೊಳಗೆ ಹೋಗಿ ಹಗ್ಗದ ಹಾಗೆ ಹುರಿಗೊಂಡಿತ್ತು. ಅದರ ಈಚೆಯ ತುದಿ ರೇವವ್ವನ ಕೊರಳಲ್ಲಿತ್ತು. ಮುದುಕಿ ಹಿಂದಕ್ಕೆ ಬಾಗಿ, ಒಂದು ಕೈಯಲ್ಲಿ ಸೀಟಿನ ಸರಳು ಹಿಡಿದು, ಇನ್ನೊಂದು ಕೈಯ ಬೆರಳುಗಳನ್ನು ಬಟ್ಟೆಗೂ ಕೊರಳಿಗೂ ನಡುವೆ ತುರುಕಿಕೊಂಡಿದ್ದಳು. ಮುಖ ಕಪ್ಪಿಟ್ಟಿತ್ತು, ಕಣ್ಣು ಹೊರಗೆ ಬಂದಿದ್ದವು. ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ.

“ಅಯ್ಯಯ್ಯೋ ಯವ್ವಾ!”

ಮೋದಿನಸಾಬ ಮುದುಕಿಯ ತಲೆಗೆ ತೋಳು ಕೊಟ್ಟು ಹಿಡಿದ. ಟಂಟಂನಲ್ಲಿ ಕುಳಿತಿದ್ದ ಮಾಬುಬಿ ಎಂಬ ಹೆಂಗಸು, ಕಬ್ಬಿನ ಕೆಲಸಕ್ಕೆ ಹೊರಟವಳು, ಕುಡಗೋಲು ಹಿಡಿದೇ ಕೆಳಗೆ ಹಾರಿ ಗಾಲಿಯ ಹತ್ತಿರ ಸೆರಗನ್ನು ಕರಕರ ಕೊಯ್ದಳು. ಬಿಗಿ ಸಡಿಲಿತು. ರೇವವ್ವ ಮೋದಿನಸಾಬನ ತೋಳಿನ ಮೇಲೆ ಜೋತುಬಿದ್ದಳು. ಉಸಿರಿಲ್ಲ. ಮಾಬುಬಿ ಮುಖಕ್ಕೆ ನೀರು ತಟ್ಟಿದಳು, ಎದೆ ತಿಕ್ಕಿದಳು. ಒಮ್ಮೆಲೇ ಮುದುಕಿಯ ಗಂಟಲಿನಿಂದ ಸುಂಯ್ ಎಂದು ಗಾಳಿ ಒಳಗೆಳೆದ ಸದ್ದು ಬಂತು, ಹಿಂದೆಯೇ ಕೆಮ್ಮು.

ಸುನೀತಾ ಮಣ್ಣಿನಲ್ಲೇ ಕುಸಿದು ಅತ್ತೆಯ ಕಾಲು ಹಿಡಿದುಕೊಂಡಳು.

“ಅತ್ತಿ, ನನ್ನ ಕೂದಲಾ ಹಿಡದ ಜಗ್ಗಬಾರದೇನ್ರಿ? ಬೆನ್ನಾಗ ಗುದ್ದಬಾರದೇನ್ರಿ? ತಟ್ಟೂದು ಯಾಕ ಬಿಟ್ರಿ?”

ರೇವವ್ವ ಕೆಂಪಗೆ ಬಾಸುಂಡೆ ಎದ್ದ ಕೊರಳು ಸವರಿಕೊಂಡಳು. ಮಾತು ಹೊರಡಿಸಲು ಬಹಳ ಕಷ್ಟಪಟ್ಟಳು.

“ಎರಡ ಸಲ ತಟ್ಟಿದ್ನವ್ವ,” ಎಂದಳು. “ಮತ್ತ ನಿನಗ ಸಿಟ್ಟ ಬಂದೀತು ಅಂತ ಕೈ ತಗದ್ನಿ.”